ಬಲಗಾಲಿನ ಲೆಕ್ಕ

ಮಕ್ಕಳೇ, ಮಳೆ ಬಿದ್ದ ಮಣ್ಣುರಸ್ತೆಯಲ್ಲಿ ಸೈಕಲ್ ಪೆಡಲನ್ನು ಒಮ್ಮೆಲೇ ಜೋರಾಗಿ ತುಳಿದು ನೋಡಿದ್ದೀರಾ? ಹಿಂದಿನ ಚಕ್ರ ನಿಂತಲ್ಲೇ ಗಿರ್ರನೆ ತಿರುಗುತ್ತದೆ, ಸೈಕಲ್ ಮುಂದೆ ಹೋಗುವುದಿಲ್ಲ. ಫಾರ್ಮುಲಾ ಒನ್ ರೇಸ್ ಕಾರಿನ ಕಷ್ಟವೂ ಇದೇ. ಎಂಜಿನ್ನಿನ ಶಕ್ತಿಯೆಲ್ಲ ಹಿಂದಿನ ಎರಡು ಚಕ್ರಗಳಿಗೇ ಹೋಗುತ್ತದೆ. ಒದ್ದೆ ರಸ್ತೆಯಲ್ಲಿ ಚಾಲಕನ ಬಲಗಾಲು ಒಂದಿಷ್ಟು ಹೆಚ್ಚು ಒತ್ತಿತೋ, ಕಾರು ಬುಗುರಿ!

1985ರ ಏಪ್ರಿಲ್‌ನಲ್ಲಿ ಪೋರ್ಚುಗಲ್‌ನ ಎಸ್ತೊರಿಲ್‌ನಲ್ಲಿ ರೇಸಿನ ದಿನ ಧೋ ಎಂದು ಮಳೆ. ಅಲೇನ್ ಪ್ರಾಸ್ಟ್‌ನಂಥ ಗಟ್ಟಿಗನೇ ನೇರ ರಸ್ತೆಯಲ್ಲಿ ಜಾರಿ ಹೊರಬಿದ್ದ. ಬ್ರೆಜಿಲ್ ದೇಶದ 25 ವರ್ಷದ ಹುಡುಗ ಐರ್ಟನ್ ಸೆನ್ನಾ ಮಾತ್ರ ತನ್ನ ಕಪ್ಪು ಲೋಟಸ್ ಕಾರಿನಲ್ಲಿ ಒಂದು ನಿಮಿಷಕ್ಕೂ ಹೆಚ್ಚು ಅಂತರದಿಂದ ಗೆದ್ದ. ಎರಡನೆಯವನೊಬ್ಬನನ್ನು ಬಿಟ್ಟು ಉಳಿದವರೆಲ್ಲರೂ ಅವನಿಗಿಂತ ಒಂದು ಸುತ್ತಾದರೂ ಹಿಂದೆ! ಎಡಗಾಲು ಕ್ಲಚ್ ಮೇಲೆ, ಒಂದು ಕೈ ಗೇರಿಗೆ, ಒಂದು ಕೈ ಸ್ಟೀರಿಂಗಿಗೆ. ಅದು ಅವನ ಮೊದಲ ಫಾರ್ಮುಲಾ ಒನ್ ಗೆಲುವು.

1993ರಲ್ಲಿ ಇಂಗ್ಲೆಂಡಿನ ಡಾನಿಂಗ್ಟನ್‌ನಲ್ಲಿ ಮತ್ತೆ ಮಳೆ. ಮೊದಲ ತಿರುವಿನಲ್ಲಿ ಐದನೆಯವನಾಗಿದ್ದ ಸೆನ್ನಾ ಒಂದೇ ಸುತ್ತು ಮುಗಿಯುವಷ್ಟರಲ್ಲಿ ಎಲ್ಲರಿಗಿಂತ ಮುಂದೆ! ಅವನ ಅತ್ಯುತ್ತಮ ಓಟ ಇದೇ ಎಂದು ಇಂದಿಗೂ ಅನೇಕರು ಹೇಳುತ್ತಾರೆ. ಸೆನ್ನಾ ಒಪ್ಪಲಿಲ್ಲ. ಎಸ್ತೊರಿಲ್‌ನದೇ ದೊಡ್ಡದು ಎಂದ. ಏಕೆಂದರೆ 1993ರ ಕಾರಿನಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಇತ್ತು. ಚಕ್ರ ಸುಮ್ಮನೆ ತಿರುಗಲು ಶುರುಮಾಡಿದ ಕ್ಷಣವೇ ಕಂಪ್ಯೂಟರ್ ಅದನ್ನು ಕಂಡುಹಿಡಿದು ಎಂಜಿನ್ನಿನ ಶಕ್ತಿಯನ್ನು ತಗ್ಗಿಸುವ ವ್ಯವಸ್ಥೆ ಅದು. ಹಿಂದೆ ಅವನ ಬಲಗಾಲೇ ಮಾಡಬೇಕಿದ್ದ ಲೆಕ್ಕ.

ಹಾಗೆಂದು ಡಾನಿಂಗ್ಟನ್ ಗೆಲುವು ಕಂಪ್ಯೂಟರಿನದು ಎಂದರೆ ನಾನು ಒಪ್ಪುವವನಲ್ಲ. ಅಂದು ಎದುರಾಳಿ ವಿಲಿಯಮ್ಸ್ ಕಾರುಗಳಲ್ಲೂ ಅದೇ ಸಲಕರಣೆ ಇತ್ತು, ಎಂಜಿನ್ ಇನ್ನೂ ಬಲವಾಗಿತ್ತು. (ಕ್ಯಾಲ್ಕುಲೇಟರ್ ಬಂದ ಮೇಲೂ ನಮ್ಮ ಬ್ಯಾಂಕಿನಲ್ಲಿ ಎಲ್ಲರ ಲೆಡ್ಜರ್ ಒಂದೇ ಹೊತ್ತಿಗೆ ತಾಳೆಯಾಗುತ್ತಿರಲಿಲ್ಲ!) ರಸ್ತೆ ಒಣಗಿದ್ದಾಗ ಎಲ್ಲ ಕಾರುಗಳೂ ಓಡುವ ದಾರಿಯಲ್ಲಿ ಟೈರಿನ ರಬ್ಬರ್ ಮೆತ್ತಿಕೊಂಡಿರುತ್ತದೆ. ಮಳೆ ಬಂದರೆ ಅದೇ ಜಾಗ ಜಾರುಬಂಡೆ. ಜಾಣ ಚಾಲಕ ಆ ದಾರಿ ಬಿಟ್ಟು ಪಕ್ಕದಲ್ಲಿ ಹಿಡಿತ ಹುಡುಕುತ್ತಾನೆ. ಎಲ್ಲಿ ಹುಡುಕಬೇಕೆಂದು ಆ ಕಂಪ್ಯೂಟರ್ ಹೇಳುತ್ತಿರಲಿಲ್ಲ.

1994ಕ್ಕೆ ಇಂಥ ಸಲಕರಣೆಗಳಿಗೆ ನಿಷೇಧ ಬಂತು. 2001ರಲ್ಲಿ ಟ್ರ್ಯಾಕ್ಷನ್ ಕಂಟ್ರೋಲಿಗೆ ಮತ್ತೆ ಅನುಮತಿ ಸಿಕ್ಕಿತು, 2008ರಿಂದ ಪುನಃ ಇಲ್ಲ. ಮುಂದಿನ ಸಲ ಟಿವಿಯಲ್ಲಿ ಮಳೆಯ ರೇಸ್ ಬಂದರೆ ಅಜ್ಜನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾರು ಮುಂದಿದ್ದಾರೆ ಎನ್ನುವುದು ಆಮೇಲೆ, ತಿರುವು ದಾಟಿ ಹೊರಬರುವಾಗ ಹಿಂದಿನ ಚಕ್ರಗಳನ್ನು ನೋಡಿ.