ಬಡ್ಡಿಯ ಬಾಗಿಲು ಮುಚ್ಚಿಸಿ, ಬ್ಯಾಂಕಿನ ಬಾಗಿಲು ತೆರೆಸಿ
ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಸಾಲಗಾರ ಕುಟುಂಬಗಳ ಹಕ್ಕೊತ್ತಾಯ ಪತ್ರ

ಗೆ: ಮಾನ್ಯ ಮುಖ್ಯಮಂತ್ರಿಗಳು, ಕರ್ನಾಟಕ ಸರ್ಕಾರ
ಮುಖಾಂತರ: ಉಪವಿಭಾಗಾಧಿಕಾರಿಗಳು, ಚಿಕ್ಕೋಡಿ



ಸಾಲ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರುವರಿ 12ರಂದು ಸುಗ್ರೀವಾಜ್ಞೆ ಬಂತು. ಮರುತಿಂಗಳು ವಿಧಾನಮಂಡಲವೂ ಮಸೂದೆಯನ್ನು ಒಪ್ಪಿತು. ಕಿರುಕುಳ ಕೊಟ್ಟವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ನಾವಿದನ್ನು ಸ್ವಾಗತಿಸುತ್ತೇವೆ. ಆದರೆ ಆಸ್ಪತ್ರೆಗೆ, ಬಿತ್ತನೆಗೆ, ಮಕ್ಕಳ ಫೀಗೆ ದುಡ್ಡು ಬೇಕಾದ ದಿನ ಬ್ಯಾಂಕು, ಸೊಸೈಟಿ ಕೈಕೊಟ್ಟರೆ ನಾವು ಮತ್ತೆ ಸಾವಕಾರನ ಕಟ್ಟೆಗೇ ಹೋಗಬೇಕಾಗುತ್ತದೆ. ಆದ್ದರಿಂದ ನಮ್ಮ ಹಕ್ಕೊತ್ತಾಯಗಳು:

1. ನೋಂದಾಯಿತ ಲೇವಾದೇವಿದಾರರ ಪಟ್ಟಿಯನ್ನು, ಬಡ್ಡಿ ದರದ ಸಮೇತ, ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಕನ್ನಡ, ಮರಾಠಿ ಎರಡರಲ್ಲೂ ಹಚ್ಚಿ. ನೋಂದಣಿ ಇಲ್ಲದವರು ಬಡವರಿಗೆ ಕೊಟ್ಟ ಸಾಲ ಬಡ್ಡಿಸಹಿತ ತೀರಿದಂತೆ ಎನ್ನುತ್ತದೆ ಕಾಯ್ದೆ. ಯಾರದು ನೋಂದಣಿ, ಯಾರದಲ್ಲ ಎಂಬುದೇ ತಿಳಿಯದಿದ್ದರೆ ಆ ರಕ್ಷಣೆ ನಮಗೆ ದಕ್ಕುವುದಿಲ್ಲ. ಇದನ್ನು ವಿಚಾರಿಸಲು ಅಥಣಿಯವರು ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಬೆಳಗಾವಿಗೆ ಓಡಾಡುವಂತಾಗಬಾರದು.

2. ಸಾಲ ಕೊಟ್ಟವರು ಸಹಿ ಮಾಡಿಸಿಕೊಂಡ ಖಾಲಿ ಚೆಕ್, ಬಾಂಡ್ ಪೇಪರ್, ಇಟ್ಟುಕೊಂಡ ಎಟಿಎಂ ಕಾರ್ಡುಗಳನ್ನು ತಹಶೀಲ್ದಾರರ ಸಮ್ಮುಖದಲ್ಲಿ ವಾಪಸ್ ಕೊಡಿಸಿ.

3. ದೂರು ದಾಖಲಿಸಲು ಪೊಲೀಸರು ನಿರಾಕರಿಸುವಂತಿಲ್ಲ. "ಊರಾಗ ಬಗೆಹರಿಸಿಕೊಳ್ರಿ" ಎಂದು ಹೆಣ್ಣುಮಕ್ಕಳನ್ನು ಠಾಣೆಯಿಂದ ಹಿಂದೆ ಕಳಿಸುವುದು ನಿಲ್ಲಬೇಕು.

4. ರಿಸರ್ವ್ ಬ್ಯಾಂಕಿನ ನೋಂದಣಿ ಪಡೆದ ಕಂಪನಿಗಳು ಈ ಕಾಯ್ದೆಯ ಹೊರಗಿವೆ. ಅವಕ್ಕೂ 2022ರ ಏಪ್ರಿಲ್‌ನಿಂದ ನಿಯಮವಿದೆ: ಕಿರುಸಾಲದ ವಸೂಲಿಗೆ ಬೆಳಿಗ್ಗೆ 9ರ ಮೊದಲು, ಸಂಜೆ 6ರ ನಂತರ ಬರುವಂತಿಲ್ಲ, ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟುವಂತಿಲ್ಲ. ಈ ನಿಯಮ ಮುರಿದವರ ಮೇಲೆ ದೂರು ಬರೆದುಕೊಡುವ ಸಹಾಯ ಕೇಂದ್ರ ಐದೂ ತಾಲ್ಲೂಕಿನಲ್ಲಿರಲಿ.

5. ಕಬ್ಬಿನ ಬಿಲ್ಲು. ನಮ್ಮ ಭಾಗದ ಸಾಲದ ಬೇರು ಇಲ್ಲೇ ಇದೆ ಎಂದು ನಾವು ಒತ್ತಿ ಹೇಳುತ್ತೇವೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆ 14 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು. ಬಿಲ್ಲು ತಡವಾದಾಗ ರೈತ ತಿಂಗಳಿಗೆ ನೂರಕ್ಕೆ ಐದು, ಹತ್ತರಂತೆ ಕೈಸಾಲ ತರುತ್ತಾನೆ. ಅಂದರೆ ವರ್ಷಕ್ಕೆ ಶೇ 60ರಿಂದ 120. ಬಾಕಿಯ ಜೊತೆ ಕಾರ್ಖಾನೆ ಕೊಡಬೇಕಾದ ಶೇ 15ರ ಬಡ್ಡಿಯನ್ನೂ ಜಿಲ್ಲಾಧಿಕಾರಿಗಳು ವಸೂಲು ಮಾಡಿ ಖಾತೆಗೆ ಹಾಕಿಸಲಿ.

6. 5 ಲಕ್ಷದವರೆಗಿನ ಬಡ್ಡಿರಹಿತ ಬೆಳೆಸಾಲ ಉತಾರಿ (ಪಹಣಿ) ಇದ್ದವರಿಗೆ ಸಿಗುತ್ತದೆ. ಕೃಷ್ಣೆ, ದೂಧಗಂಗೆಯ ದಂಡೆಯಲ್ಲಿ ಲಾವಣಿಗೆ (ಗೇಣಿಗೆ) ಹೊಲ ಮಾಡುವವನ ಹೆಸರಲ್ಲಿ ಉತಾರಿ ಇಲ್ಲ. ನೆರೆ ಬಂದರೆ ಹೋಗುವುದು ಮಾತ್ರ ಅವನ ಬೆಳೆ. ಇಂಥವರಿಗೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳು (ಪಿಕೆಪಿಎಸ್) ಜಂಟಿ ಹೊಣೆಗಾರಿಕೆ ಗುಂಪುಗಳ ಮೂಲಕ ಸಾಲ ಕೊಡಲಿ.

7. ನಿಪ್ಪಾಣಿಯ ಬೀಡಿ, ತಂಬಾಕು ಕೆಲಸದ ಹೆಣ್ಣುಮಕ್ಕಳು, ಅಥಣಿಯ ಚಪ್ಪಲಿ ಕುಶಲಕರ್ಮಿಗಳು, ಮಾಜಿ ದೇವದಾಸಿಯರು: ಇವರಿಗೆ ಅಡವಿಲ್ಲದೆ ಸಣ್ಣ ಸಾಲ ಕೊಡಲು ಬ್ಯಾಂಕುಗಳು ತಿಂಗಳಿಗೊಮ್ಮೆ ಊರಲ್ಲೇ ಮೇಳ ನಡೆಸಲಿ.

ಬಾಯಿಮಾತಿನ ಭರವಸೆ ಬೇಡ. ಯಾವ ಬೇಡಿಕೆಯನ್ನು ಯಾವ ಅಧಿಕಾರಿ ಯಾವ ದಿನಾಂಕದೊಳಗೆ ಈಡೇರಿಸುತ್ತಾರೆ ಎಂದು 30 ದಿನದೊಳಗೆ ಲಿಖಿತ ಉತ್ತರ ಕೊಡಬೇಕೆಂದು ಒತ್ತಾಯಿಸುತ್ತೇವೆ.