ಮೆದುವಿನ ಬಲ

ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಆದರೂ ತಂದೆಯ ಕಾಲದ ಕಾರನ್ನು ಅಕ್ಕರೆಯಿಂದ ಸಲಹುವ ಮನೆಗಳು ಇನ್ನೂ ಉಂಟು. ಅಂಥ ಕಾರು ಹಳ್ಳಕ್ಕಿಳಿದಾಗ ಕಟಕಟನೆ ಸದ್ದುಮಾಡಿದರೆ, ಬ್ರೇಕು ಒತ್ತಿದಾಗ ಪಕ್ಕಕ್ಕೆ ಎಳೆದರೆ, ಯಜಮಾನನು ದೊಡ್ಡ ಭಾಗಗಳನ್ನೇ ಶಂಕಿಸುತ್ತಾನೆ. ಹಲವು ವೇಳೆ ಅಪರಾಧಿ, ಸಸ್ಪೆನ್ಷನ್ನಿನ ಕೀಲುಗಳಲ್ಲಿ ಲೋಹಕ್ಕೆ ಲೋಹ ತಾಗದಂತೆ ಕಾಯುವ ಬಳೆಯಂಥ ಪುಟ್ಟ ರಬ್ಬರು ಬುಷ್.

ಅದು ಸವೆದರೆ ಬದಲಿಗೆ ಯಾವುದನ್ನು ಕೊಳ್ಳಬೇಕು? ಪಾಲಿಯುರೆಥೇನ್ ಬುಷ್ ಗಟ್ಟಿ. ಎಣ್ಣೆಗೆ ಅಳುಕದು, ಬಹುಕಾಲ ಬಾಳುತ್ತದೆ. ಆದರೆ ರಸ್ತೆಯ ನಡುಕವನ್ನು ಕುಳಿತವರ ಬೆನ್ನಿಗೆ ಒಪ್ಪಿಸುತ್ತದೆ. ಗ್ರೀಸು ಒಣಗಿದರೆ ಕಿರುಗುಟ್ಟುತ್ತದೆ. ರಬ್ಬರು ಬೇಗ ಸವೆಯುವುದು ನಿಜ. ಆದರೆ ಒಳಗೊಳಗೇ ತಿರುಚಿಕೊಂಡು ಪೆಟ್ಟನ್ನು ನುಂಗುತ್ತದೆ. ವೃದ್ಧರೂ ಮಕ್ಕಳೂ ಕೂರುವ ಮನೆಯ ಕಾರಿಗೆ ರಬ್ಬರೇ ಲೇಸು.

ಎಚ್ಚರಿಕೆಗಳು ಎರಡು. ಅಂಗಡಿಯಲ್ಲಿ ವರ್ಷಗಟ್ಟಲೆ ಮಲಗಿದ ‘ಅಸಲಿ’ ಬುಷ್ ದುಡಿಯದೆಯೂ ಮುದಿಯಾಗಿರಬಹುದು; ಉಗುರಿನಿಂದ ಒತ್ತಿ, ಬಿರುಕುಂಟೇ ಎಂದು ನೋಡಬೇಕು. ಜೋಡಿಸುವಾಗ, ಕಾರು ಜಾಕಿನ ಮೇಲಿರುವಾಗಲೇ ಬೋಲ್ಟನ್ನು ಪೂರ್ತಿ ಬಿಗಿಯಬಾರದು. ಚಕ್ರಗಳು ನೆಲಕ್ಕೂರಿ, ಕಾರು ತನ್ನ ಭಾರದಲ್ಲಿ ನಿಂತ ಮೇಲೆಯೇ ಕೊನೆಯ ಬಿಗಿ. ಇಲ್ಲವಾದರೆ ಹೊಸ ರಬ್ಬರು ಮೊದಲ ದಿನದಿಂದಲೇ ತಿರುಚಿಕೊಂಡಿದ್ದು, ಬೇಗ ಹರಿಯುತ್ತದೆ.

ಸವೆಯುವುದೇ ಬುಷ್ಷಿನ ಧರ್ಮ. ಅದು ಸವೆದುದರಿಂದಲೇ ಕಬ್ಬಿಣ ಉಳಿದಿದೆ.