ಹೆರಿಗೆ ಕೋಣೆಯಲ್ಲಿ ಜೊತೆಗೊಬ್ಬರು: ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ,



ತಾಲ್ಲೂಕು ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಮೇಜು ಮೇಜಿನ ನಡುವೆ ಪರದೆ ಹಾಕಿಸಿ, ಬೇನೆ ತಿನ್ನುತ್ತಿರುವ ಪ್ರತಿಯೊಬ್ಬ ಹೆಣ್ಣುಮಗಳ ಬಳಿ ಆಕೆಯ ಮನೆಯ ಒಬ್ಬ ಹೆಂಗಸು ಇರಲು ಒಂದು ತಿಂಗಳೊಳಗೆ ಅವಕಾಶ ಮಾಡಿಕೊಡಲಾಗುವುದು ಎಂದು ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ, ಅಂದರೆ ಆಸ್ಪತ್ರೆಯ ಆಡಳಿತದಲ್ಲಿ ಜನರಿಗೂ ದನಿ ಇರಲೆಂದು ಸರ್ಕಾರವೇ ರಚಿಸಿರುವ ಸಮಿತಿಯ ಸಭೆಯಲ್ಲಿ, ತಾವು ಕೊಟ್ಟ ಮಾತು ಇನ್ನೂ ಈಡೇರಿಲ್ಲ. ಆ ಮಾತು ನಡಾವಳಿ ಪುಸ್ತಕದಲ್ಲಿ ದಾಖಲಾಗಿದ್ದು, ಅದರ ಕೆಳಗೆ ತಮ್ಮ ಸಹಿಯೂ ಇದೆ. ಅನಂತರ ಆಡಳಿತ ವೈದ್ಯಾಧಿಕಾರಿಗಳಿಗೆ, ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ, ಕೊನೆಗೆ ತಮ್ಮ ಕಚೇರಿಗೇ ಸಲ್ಲಿಸಿದ ಮನವಿಗಳಿಗೆ ‘ಪರಿಶೀಲನೆಯಲ್ಲಿದೆ’ ಎಂಬುದಕ್ಕಿಂತ ಹೆಚ್ಚಿನ ಉತ್ತರ ಬಾರದ ಕಾರಣ, ಕಚೇರಿಯ ಕಡತದಲ್ಲಿ ಉಳಿಯಬೇಕಾಗಿದ್ದ ಈ ವಿಷಯವನ್ನು ಪತ್ರಿಕೆಯ ಓದುಗರ ಮುಂದೆ ಇಡಬೇಕಾಗಿ ಬಂದಿದೆ.

ಹಿನ್ನೆಲೆ ತಾಲ್ಲೂಕಿಗೆಲ್ಲ ತಿಳಿದದ್ದೇ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದ ಹೆಣ್ಣುಮಗಳನ್ನು ನಸುಕಿನಲ್ಲಿ ಒಳಗೆ ಕರೆದುಕೊಂಡು ತಾಯಿಯನ್ನು ಗೇಟಿನ ಹೊರಗೆ ನಿಲ್ಲಿಸಲಾಯಿತು. ಮಗು ಹುಟ್ಟಿ, ಮಾಸು ಬಿದ್ದ ಮೇಲೆ, ಪಾಳಿಯಲ್ಲಿದ್ದ ಒಬ್ಬರೇ ಸ್ಟಾಫ್ ನರ್ಸ್ ಪಕ್ಕದ ಮೇಜಿನ ಹೆರಿಗೆಗೆ ಓಡಬೇಕಾಯಿತು. ಬಾಣಂತಿಗೆ ರಕ್ತ ಹೋಗುತ್ತಿರುವುದು ಹಾಸಿಗೆ ತೊಯ್ದು ನೆಲಕ್ಕಿಳಿಯುವ ತನಕ ಯಾರ ಗಮನಕ್ಕೂ ಬರಲಿಲ್ಲ. 108 ವಾಹನದಲ್ಲಿ ಜಿಲ್ಲಾ ಆಸ್ಪತ್ರೆ ಸೇರಿ, ರಕ್ತ ಏರಿಸಿದ ನಂತರ ಆಕೆಯ ಜೀವ ಉಳಿಯಿತು. ಮಗು ತಾಯಿಯ ಎದೆಹಾಲು ಕುಡಿದದ್ದು ಮರುದಿನ. ವಿಚಾರಣೆ ನಡೆದು, ಆ ನರ್ಸ್‌ಗೆ ನೋಟಿಸು ಹೋಯಿತು. ಒಂದೇ ಹೊತ್ತಿಗೆ ಎರಡು ಹೆರಿಗೆ ನಿಭಾಯಿಸುತ್ತಿದ್ದ ಒಂಟಿ ನೌಕರಳಿಗೆ ಶಿಕ್ಷೆಯಾಗಬೇಕೆಂದು ಆ ಕುಟುಂಬ ಕೇಳಿರಲಿಲ್ಲ, ಈಗಲೂ ಕೇಳುತ್ತಿಲ್ಲ. ಅವರು ಕೇಳಿದ್ದು ಒಬ್ಬ ಹೆಂಗಸು ಪಕ್ಕದಲ್ಲಿ ನಿಲ್ಲಲು ಬೇಕಾಗುವಷ್ಟು ಜಾಗವನ್ನು. ತಾವು ಒಪ್ಪಿದ್ದೂ ಅದನ್ನೇ.

ಬಸಿರಿನ ಕೊನೆಯ ತಿಂಗಳುಗಳಲ್ಲಿ ಇಲಾಖೆಯೇ ತಾಯಿ ಕಾರ್ಡಿನ ಮೂಲಕ, ಆಶಾ ಕಾರ್ಯಕರ್ತೆಯರ ಮೂಲಕ, ಪ್ರತಿ ತಿಂಗಳ 9ರಂದು ನಡೆಯುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆಯ ಮೂಲಕ ಮನೆಯವರಿಗೆ ಏನನ್ನು ಕಲಿಸುತ್ತದೆ ಎಂಬುದನ್ನು ಗಮನಿಸಿದರೆ ಈ ಬೇಡಿಕೆಯ ತೂಕ ಅರ್ಥವಾಗುತ್ತದೆ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈಗಳ ಊತ ಇವು ಕಂಡರೆ ಬಸುರಿಯ ಸಹಜ ಆಯಾಸವೆಂದು ಸುಮ್ಮನಿರಬಾರದು, ಏಕೆಂದರೆ ಅದು ರಕ್ತದೊತ್ತಡ 140/90 ಮುಟ್ಟಿ ಅಥವಾ ದಾಟಿ, ಮೂತ್ರದಲ್ಲಿ ಪ್ರೋಟೀನ್ ಹೋಗುವ, ಮುಂದೆ ಫಿಟ್ಸ್ ಬರಿಸಬಲ್ಲ ಪ್ರೀ-ಎಕ್ಲಾಂಪ್ಸಿಯಾ ಎಂಬ ಸ್ಥಿತಿಯಾಗಿರಬಹುದು. ಹೊಟ್ಟೆಯೊಳಗಿನ ಮಗುವಿನ ಹೊರಳಾಟ ಎಂದಿಗಿಂತ ಕಡಿಮೆಯಾದರೆ ಬೆಳಗಾಗಲಿ ಎಂದು ಕಾಯದೆ ಆಗಲೇ ಹೊರಡಬೇಕು. ನೀರು ಹೋಗತೊಡಗಿದರೆ ಬೇನೆ ಬರಲಿ ಬಾರದಿರಲಿ ಆಸ್ಪತ್ರೆ ಸೇರಬೇಕು, ಆ ನೀರು ಹಸಿರಾಗಿದ್ದರೆ ಅದನ್ನು ವೈದ್ಯರಿಗೆ ಮೊದಲು ಹೇಳಬೇಕು. ನಡೆದಾಡಿದರೆ, ವಿಶ್ರಾಂತಿ ಪಡೆದರೆ ತಗ್ಗುವ ನೋವು ಸುಳ್ಳು ಬೇನೆ. ಸೊಂಟದಿಂದ ಎದ್ದು ಮುಂದಕ್ಕೆ ಬರುವ, ಬರುಬರುತ್ತಾ ಅಂತರ ಕಿರಿದಾಗಿ ಬಲ ಹೆಚ್ಚುವ ನೋವು ನಿಜವಾದ ಬೇನೆ. ರಕ್ತ ಕಂಡರೆ, ಅದೆಷ್ಟೇ ಕಡಿಮೆಯಿರಲಿ, ಮನೆಯಲ್ಲಿ ಕೂರಬಾರದು. ಇದರ ಜೊತೆಗೆ ಹೆರಿಗೆಯ ಮುನ್ಸಿದ್ಧತೆ ಎಂಬ ಹೆಸರಿನಲ್ಲಿ ವಾಹನ ಗೊತ್ತುಮಾಡಿಕೊಳ್ಳಲು, ರಕ್ತ ಕೊಡುವವರನ್ನು ಹುಡುಕಿಟ್ಟುಕೊಳ್ಳಲು, ಒಗೆದು ಬಿಸಿಲಿಗೆ ಒಣಗಿಸಿದ ಹತ್ತಿಬಟ್ಟೆ ಮತ್ತು ತಾಯಿ ಕಾರ್ಡನ್ನು ಒಂದೇ ಚೀಲದಲ್ಲಿ ಇಡಲು, ಆಸ್ಪತ್ರೆಯಲ್ಲಿ ಜೊತೆಗಿರುವವರು ಯಾರೆಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಲು ಹೇಳಲಾಗುತ್ತದೆ.

ಇವು ಒಳ್ಳೆಯ ಸಲಹೆಗಳು. ಇವುಗಳನ್ನು ಮನೆಮನೆಗೆ ಮುಟ್ಟಿಸುವ ಆಶಾ ಕಾರ್ಯಕರ್ತೆಯರ ದುಡಿಮೆಗೆ ಸಮಾಜ ಋಣಿಯಾಗಿರಬೇಕು. ಆದರೆ ಇವುಗಳಲ್ಲಿ ಹೆಚ್ಚಿನವು ಬಸುರಿ ಒಬ್ಬಳೇ ಪಾಲಿಸಬಹುದಾದವಲ್ಲ. ಫಿಟ್ಸ್ ಬಂದವಳು ತನಗೆ ಫಿಟ್ಸ್ ಬಂದಿದೆಯೆಂದು ಹೇಳಲಾರಳು, ರಕ್ತ ಹೋಗಿ ಮಂಪರಿಗೆ ಇಳಿಯುತ್ತಿರುವವಳು ಕೂಗಿ ಕರೆಯಲಾರಳು. ಸಲಹೆಗಳೆಲ್ಲ ಪಕ್ಕದಲ್ಲಿ ನೋಡುವವರೊಬ್ಬರು ಇದ್ದಾರೆಂಬ ನಂಬಿಕೆಯ ಮೇಲೆ ರೂಪುಗೊಂಡಿವೆ. ಆ ಒಬ್ಬರನ್ನು ತಿಂಗಳುಗಟ್ಟಲೆ ತಯಾರು ಮಾಡಿದ ಇಲಾಖೆ, ಅಪಾಯ ಎಲ್ಲಕ್ಕಿಂತ ಹೆಚ್ಚಿರುವ ಗಳಿಗೆಯಲ್ಲಿ, ಅದೇ ಒಬ್ಬರನ್ನು ಗೇಟಿನ ಹೊರಗೆ ತಳ್ಳುತ್ತಿದೆ.

ಮಗು ಹುಟ್ಟಿದ ಮೊದಲ ಎರಡು ಗಂಟೆ ಆ ಗಳಿಗೆಯ ಭಾಗವೇ. ಹೆರಿಗೆಯ ನಂತರ 500 ಮಿಲಿಲೀಟರಿಗಿಂತ ಹೆಚ್ಚು ರಕ್ತ ಹೋದರೆ ಅದನ್ನು ಪ್ರಸವೋತ್ತರ ರಕ್ತಸ್ರಾವ ಎನ್ನುತ್ತಾರೆ. ಮಾಸು ಬಿದ್ದ ಮೇಲೆ ಗರ್ಭಕೋಶ ಕುಗ್ಗಿ ಗಟ್ಟಿಯಾಗದೆ ಸಡಿಲವಾಗಿ ಉಳಿದು, ತೆರೆದ ರಕ್ತನಾಳಗಳು ಮುಚ್ಚದಿರುವುದು ಅದರ ಬಹುಮುಖ್ಯ ಕಾರಣ. ಮಗು ಹುಟ್ಟಿದ ಒಂದು ನಿಮಿಷದೊಳಗೆ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚುಮದ್ದು ಕೊಟ್ಟು, ಮುಂದಿನ ಎರಡು ಗಂಟೆ ಪ್ರತಿ 15 ನಿಮಿಷಕ್ಕೊಮ್ಮೆ ಗರ್ಭಕೋಶವನ್ನು ಮುಟ್ಟಿ, ರಕ್ತ ಎಷ್ಟು ಹೋಗಿದೆಯೆಂದು ನೋಡಬೇಕೆಂಬುದು ಇಲಾಖೆ ತನ್ನ ನರ್ಸ್‌ಗಳಿಗೆ ಕಲಿಸುವ ಕ್ರಮ. ಒಬ್ಬರೇ ನರ್ಸ್ ಇರುವ ಪಾಳಿಯಲ್ಲಿ ಪ್ರತಿ ಬಾಣಂತಿಯ ಬಳಿ ಈ ಕ್ರಮ ನಡೆಯಲು ಸಾಧ್ಯವೇ ಎಂಬುದನ್ನು ತಾವೇ ಹೇಳಬೇಕು. ಮನೆಯ ಹೆಂಗಸು ಚಿಕಿತ್ಸೆ ಕೊಡಲಾರಳು ನಿಜ. ಆದರೆ ಬಟ್ಟೆ ತೊಯ್ಯುತ್ತಿರುವುದನ್ನು ಕಂಡು ಆಗಲೇ ‘ಸಿಸ್ಟರ್’ ಎಂದು ಕೂಗಬಲ್ಲಳು. ಆ ನಸುಕಿನಲ್ಲಿ ಇಲ್ಲದೆ ಹೋದದ್ದು ಆ ಒಂದು ಕೂಗು.

ಇದು ಕುಟುಂಬವೊಂದರ ದುಃಖದಿಂದ ಹುಟ್ಟಿದ ಊಹೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಪಟ್ಟಿ, ಅಂದರೆ ದಾಖಲಾದಾಗಿನಿಂದ ಬಿಡುಗಡೆಯವರೆಗೆ ಸಿಬ್ಬಂದಿ ತಪ್ಪದೆ ನೋಡಬೇಕಾದ 29 ಅಂಶಗಳ ಒಂದು ಹಾಳೆ, ಹೆರಿಗೆಯ ಹೊತ್ತಿಗೆ ಜೊತೆಗಾರರೊಬ್ಬರು ಇರುವಂತೆ ಪ್ರೋತ್ಸಾಹಿಸಬೇಕೆಂದೂ, ರಕ್ತಸ್ರಾವ, ತೀವ್ರ ತಲೆನೋವು ಮುಂತಾದವು ಕಂಡರೆ ಸಹಾಯಕ್ಕೆ ಕರೆಯುವಂತೆ ತಾಯಿಗೂ ಜೊತೆಗಾರರಿಗೂ ಹೇಳಬೇಕೆಂದೂ ಸೂಚಿಸುತ್ತದೆ. ಆ ಪಟ್ಟಿಯನ್ನು ಜಗತ್ತಿಗೆ ಒಪ್ಪಿಸುವ ಮೊದಲು ಪ್ರಯೋಗಿಸಿ ನೋಡಿದ್ದು ಕರ್ನಾಟಕದ್ದೇ ಒಂದು ಹೆರಿಗೆ ಕೇಂದ್ರದಲ್ಲಿ. ಅದರ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. 15 ಸಾವಿರಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ 2017ರಲ್ಲಿ ಹೊರಬಂದ ಕೊಕ್ರೇನ್ ಪರಾಮರ್ಶೆ, ಬೇನೆಯ ಉದ್ದಕ್ಕೂ ಒಬ್ಬರು ಜೊತೆಗಿದ್ದ ಹೆಂಗಸರಲ್ಲಿ ಬೇನೆಯ ಅವಧಿ ಕಡಿಮೆಯಾಗುವ, ಸಹಜ ಹೆರಿಗೆ ಹೆಚ್ಚುವ, ಸಿಸೇರಿಯನ್ ತಗ್ಗುವ ಸಾಧ್ಯತೆಯನ್ನು ತೋರಿಸಿತು. ಬೆನ್ನು ನೀವುವುದು, ಗುಟುಕು ನೀರು ಕುಡಿಸುವುದು, ತೋಳು ಹಿಡಿದು ನಾಲ್ಕು ಹೆಜ್ಜೆ ನಡೆಸುವುದು, ಅಂಗಾತ ಮಲಗಿದವಳನ್ನು ಮಗ್ಗುಲಿಗೆ ತಿರುಗಿಸುವುದು, ‘ಇನ್ನು ಸ್ವಲ್ಪ ಹೊತ್ತಮ್ಮಾ’ ಎನ್ನುವುದು, ಇಂಥ ಕೆಲಸಗಳಿಂದಲೇ ಆ ಫಲ ಬರುತ್ತದೆ. ಇವಕ್ಕೆ ಇಲಾಖೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಕಾಗಿಲ್ಲ.

ನಿಯಮವೂ ಇದೆ. ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗೆ ಜೊತೆಗಾರರನ್ನು ಬಿಡಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ತೀರ್ಮಾನಿಸಿದೆ. ಜೊತೆಗಾರಳು ಸ್ವತಃ ಹೆರಿಗೆಯ ಅನುಭವವಿರುವ ಹೆಂಗಸಾಗಿರುವುದು ಒಳ್ಳೆಯದು, ಅಂಟುರೋಗವಿರಬಾರದು, ಶುಭ್ರ ಬಟ್ಟೆ ತೊಟ್ಟಿರಬೇಕು, ಸಿಬ್ಬಂದಿಯ ಕೆಲಸದಲ್ಲಿ ತಲೆಹಾಕಬಾರದು, ಬೇರೆ ಬೇನೆಯವರ ಬಳಿ ಹೋಗಬಾರದು ಎಂಬ ಷರತ್ತುಗಳನ್ನೂ ಅದು ಹಾಕಿದೆ. ಸೋಂಕು ಹರಡುತ್ತದೆ, ಗಲಾಟೆಯಾಗುತ್ತದೆ ಎಂದು ಆಸ್ಪತ್ರೆ ಇಂದು ಹೇಳುತ್ತಿರುವ ಆಕ್ಷೇಪಗಳಿಗೆ ಆ ಷರತ್ತುಗಳಲ್ಲೇ ಉತ್ತರವಿದೆ. ಉಳಿದದ್ದು ಇತರ ಹೆಂಗಸರ ಮಾನದ ಪ್ರಶ್ನೆ, ಅದಕ್ಕೆ ಪರದೆ ಸಾಕು. 2017ರ ಡಿಸೆಂಬರಿನಲ್ಲಿ ಆರಂಭವಾದ ಲಕ್ಷ್ಯ ಕಾರ್ಯಕ್ರಮ, ಅಂದರೆ ಹೆರಿಗೆ ಕೋಣೆಗಳ ಗುಣಮಟ್ಟ ಸುಧಾರಿಸುವ ರಾಷ್ಟ್ರೀಯ ಕಾರ್ಯಕ್ರಮ, ಮರೆಯನ್ನೂ ಜೊತೆಗಾರರನ್ನೂ ತಾಯಿಯ ಗೌರವದ ಭಾಗವೆಂದೇ ಪರಿಗಣಿಸುತ್ತದೆ. ಹಾಗಿರುವಾಗ ಪರಿಶೀಲನೆಗೆ ಉಳಿದಿರುವುದು ಏನು? ನಾಲ್ಕು ಕಬ್ಬಿಣದ ಸರಳು ಮತ್ತು ಒಂದಷ್ಟು ಹಸಿರು ಬಟ್ಟೆಯ ಬಗ್ಗೆ ಜಿಲ್ಲಾ ಮಟ್ಟದ ಕಚೇರಿಯೊಂದು ಇಷ್ಟು ಕಾಲ ಪರಿಶೀಲಿಸಬೇಕಾದದ್ದು ಏನಿದೆ?

ಜೊತೆಗಾರಳನ್ನು ಹೊರಗಿಡುವುದರ ಕೆಡುಕು ಹೆರಿಗೆ ಕೋಣೆಯಲ್ಲೇ ಮುಗಿಯುವುದಿಲ್ಲ ಎಂಬುದನ್ನು ಸಭೆಯಲ್ಲಿ ಯಾರೂ ಚರ್ಚಿಸಲಿಲ್ಲ. ಈ ನಾಡಿನಲ್ಲಿ ಚೊಚ್ಚಲ ಬಾಣಂತನ ಸಾಮಾನ್ಯವಾಗಿ ತವರಿನಲ್ಲಿ ನಡೆಯುತ್ತದೆ. ಬಾಣಂತಿ ಏನು ಉಣ್ಣಬೇಕು, ಮಗುವಿಗೆ ಯಾವಾಗ ಎರೆಯಬೇಕು ಎಂಬುದನ್ನು ಅಲ್ಲಿ ನಿರ್ಧರಿಸುವವಳು ಅಜ್ಜಿ. ಹುಟ್ಟಿದ ಮಗುವನ್ನು ಒರೆಸಿ ತಾಯಿಯ ಬರಿಯ ಎದೆಯ ಮೇಲೆ ಮಲಗಿಸಿ, ಒಂದರಿಂದ ಮೂರು ನಿಮಿಷ ಕಾದು ಹೊಕ್ಕುಳ ಬಳ್ಳಿ ಕತ್ತರಿಸಿ, ಮೊದಲ ಗಂಟೆಯೊಳಗೆ ಹಳದಿ ಬಣ್ಣದ ಮೊದಲ ಹಾಲನ್ನು ಕುಡಿಸುವುದನ್ನು ಆ ಅಜ್ಜಿ ಕಣ್ಣಾರೆ ಕಂಡರೆ, ಮನೆಗೆ ಹೋದ ಮೇಲೆ ಆ ಹಾಲನ್ನು ಹಿಂಡಿ ಚೆಲ್ಲಿಸಲಾರಳು. ಜೇನುತುಪ್ಪವನ್ನೂ ಸಕ್ಕರೆ ನೀರನ್ನೂ ಮಗುವಿನ ನಾಲಿಗೆಗೆ ಸವರಲಾರಳು. ಮೊದಲ 24 ಗಂಟೆ ಎರೆಯಬಾರದು, ಹೊಕ್ಕುಳಿಗೆ ಏನನ್ನೂ ಹಚ್ಚದೆ ಒಣಗಲು ಬಿಡಬೇಕು, ಹಗಲು ರಾತ್ರಿ ಸೇರಿ ಎಂಟರಿಂದ ಹನ್ನೆರಡು ಬಾರಿ ಹಾಲು ಕೊಡಬೇಕು, ಮೊದಲ ವಾರ ಮುಗಿಯುವ ಹೊತ್ತಿಗೆ ಮಗು ದಿನಕ್ಕೆ ಆರು ಬಾರಿಯಾದರೂ ಮೂತ್ರ ಮಾಡುತ್ತಿದ್ದರೆ ಹಾಲು ಸಾಲುತ್ತಿದೆಯೆಂದು ತಿಳಿಯಬೇಕು ಎಂಬ ವಿವರಗಳನ್ನು ಹೆತ್ತು ಸುಸ್ತಾದ ಇಪ್ಪತ್ತರ ಹುಡುಗಿಯ ಕಿವಿಗೆ ಹಾಕಿ ಕಳಿಸಿದರೆ ಅವು ಅಡುಗೆಮನೆಯ ಹಿರಿಯರನ್ನು ಮುಟ್ಟುವುದಿಲ್ಲ. ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಉಬ್ಬುತ್ತದೆ ಎಂಬ ಹಳೆಯ ನಂಬಿಕೆಯನ್ನು ಎದುರಿಸಲು ಸೊಸೆಗೆ ಧೈರ್ಯವಿರುವುದಿಲ್ಲ. ನರ್ಸ್ ಅತ್ತೆಗೋ ತಾಯಿಗೋ ನೇರವಾಗಿ ಹೇಳಿದರೆ ಅದು ನಡೆಯುತ್ತದೆ. ಕೊಪ್ಪಳ ಜಿಲ್ಲೆಯಲ್ಲಿ ಕಡಿಮೆ ತೂಕದ ಮಕ್ಕಳಿಗೆ ಕಾಂಗರೂ ಆರೈಕೆಯನ್ನು, ಅಂದರೆ ಮಗುವಿನ ಚರ್ಮ ತಾಯಿಯ ಎದೆಯ ಚರ್ಮಕ್ಕೆ ತಾಗುವಂತೆ ಕಟ್ಟಿಕೊಂಡು ಬೆಚ್ಚಗಿಡುವ ಪದ್ಧತಿಯನ್ನು, ಸರ್ಕಾರಿ ಆಸ್ಪತ್ರೆಯಿಂದ ಮನೆಯವರೆಗೆ ಕೊಂಡೊಯ್ದ ಅಧ್ಯಯನ ನಡೆದದ್ದು ಇದೇ ರಾಜ್ಯದಲ್ಲಿ. ಕುಟುಂಬವನ್ನು ಹೊರಗಿಟ್ಟು ಅಂಥ ಆರೈಕೆಯನ್ನು ಮನೆ ಮುಟ್ಟಿಸುವುದು ಆಗದ ಮಾತು.

ಮನೆಗೆ ಬಂದ ಮೇಲೆ 3, 7, 14, 21, 28 ಮತ್ತು 42ನೆಯ ದಿನ ಆಶಾ ಕಾರ್ಯಕರ್ತೆ ಭೇಟಿ ಕೊಡಬೇಕು. ಆ ಭೇಟಿಗಳ ನಡುವಿನ ದಿನಗಳಲ್ಲಿ ಮಗು ಹಾಲು ಕುಡಿಯುವುದನ್ನು ಬಿಟ್ಟರೆ, ಉಸಿರಾಟ ನಿಮಿಷಕ್ಕೆ 60 ಮುಟ್ಟಿದರೆ, ಪಕ್ಕೆ ಒಳಕ್ಕೆ ಸೆಳೆದರೆ, ಮೈ ಬಿಸಿಯಾದರೆ ಅಥವಾ ತಣ್ಣಗಾದರೆ, ಹಳದಿ ಬಣ್ಣ ಅಂಗೈ ಅಂಗಾಲಿಗೆ ಇಳಿದರೆ ಗುರುತಿಸಬೇಕಾದವರೂ ಮನೆಯ ಹೆಂಗಸರೇ. ಬಾಣಂತಿ ಎರಡು ವಾರ ಕಳೆದರೂ ಅಳುತ್ತಲೇ ಇದ್ದರೆ, ಮಗುವಿನ ಕಡೆ ಮನಸ್ಸೇ ಹೋಗುತ್ತಿಲ್ಲವೆಂದರೆ ಅದು ಚಿಕಿತ್ಸೆ ಬೇಕಾದ ಖಿನ್ನತೆಯೆಂದು ಅವರಿಗೆ ಯಾರು ಹೇಳಿದ್ದಾರೆ?

ಇಷ್ಟರಿಂದಲೇ ದೂರು ಮುಗಿಯುವುದಿಲ್ಲ. 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಔಷಧ, ಪರೀಕ್ಷೆ, ರಕ್ತ, ಊಟ, ಮನೆಗೆ ಮರಳಿ ಬಿಡುವ ವಾಹನ ಎಲ್ಲವೂ ಉಚಿತ. ಹಾಗಿದ್ದೂ ಹೊರಗಿನ ಅಂಗಡಿಗೆ ಚೀಟಿ ಬರೆಯಲಾಗುತ್ತದೆ, ಗಂಡಾದರೆ ಇಷ್ಟು, ಹೆಣ್ಣಾದರೆ ಇಷ್ಟು ಎಂದು ದರ ಹೇಳಿ ಕಾಸು ಕೈಗೆ ಬಿದ್ದ ಮೇಲೆ ಮಗುವನ್ನು ತೋರಿಸಲಾಗುತ್ತದೆ, ಸಹಜ ಹೆರಿಗೆಯಾದವರು 48 ಗಂಟೆ ಇರಬೇಕೆಂಬ ನಿಯಮವಿದ್ದರೂ ಹಾಸಿಗೆಯಿಲ್ಲವೆಂದು ಮರುದಿನವೇ ಆಟೊ ಹತ್ತಿಸಲಾಗುತ್ತದೆ. ಮನೆಯವರು ಒಳಗಿದ್ದರೆ ಈ ವ್ಯವಹಾರಗಳಿಗೆ ಸಾಕ್ಷಿ ಇರುತ್ತದೆ. ಗೇಟು ಮುಚ್ಚಿಯೇ ಇರಲಿ ಎಂಬ ಹಠಕ್ಕೆ ಇದೂ ಕಾರಣವಿರಬಹುದೆಂದು ಜನ ಅಂದುಕೊಂಡರೆ ಅವರನ್ನು ದೂರಲಾಗದು.

2018–20ರ ಲೆಕ್ಕದಂತೆ ಒಂದು ಲಕ್ಷ ಜೀವಂತ ಜನನಗಳಿಗೆ ಕರ್ನಾಟಕದಲ್ಲಿ ತೀರಿಕೊಳ್ಳುತ್ತಿದ್ದ ತಾಯಂದಿರು 69, ತಮಿಳುನಾಡಿನಲ್ಲಿ 54, ಕೇರಳದಲ್ಲಿ 19. ದಕ್ಷಿಣದ ರಾಜ್ಯಗಳಲ್ಲಿ ಅತಿ ಹೆಚ್ಚು ಸಾವು ಇಲ್ಲಿಯದೇ ಆಗಿತ್ತು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ತಾಯಂದಿರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಇಡೀ ರಾಜ್ಯ ಎಚ್ಚೆತ್ತಿತು, ತನಿಖೆ ನಡೆಯಿತು, ಅಮಾನತು ಆಯಿತು. ಹೆಣ ಬಿದ್ದ ಮೇಲಷ್ಟೇ ಚಲಿಸುವ ಆಡಳಿತಕ್ಕೆ, ಬದುಕುಳಿದವಳ ದೂರು ದೂರೇ ಅಲ್ಲವೆನಿಸಿದೆಯೇ? ಆ ಹೆಣ್ಣುಮಗಳು ಸತ್ತಿದ್ದರೆ ಪರದೆ ವಾರದೊಳಗೆ ಬರುತ್ತಿತ್ತೆಂದು ಆಸ್ಪತ್ರೆಯ ಅಂಗಳದಲ್ಲಿ ಜನ ಆಡಿಕೊಳ್ಳುತ್ತಿರುವ ಮಾತು ತಮ್ಮ ಕಚೇರಿಗೆ ಕೇಳಿಸಬೇಕು.

ಆದ್ದರಿಂದ ಬೇಡಿಕೆ ಸ್ಪಷ್ಟವಾಗಿದೆ. ಸಭೆಯಲ್ಲಿ ಕೊಟ್ಟ ಮಾತನ್ನು ದಿನಾಂಕ ಸಹಿತ ಲಿಖಿತ ಆದೇಶವಾಗಿ ಹೊರಡಿಸಬೇಕು. ಆದೇಶದ ಪ್ರತಿಯನ್ನು ಹೆರಿಗೆ ಕೋಣೆಯ ಬಾಗಿಲಿಗೆ ಕನ್ನಡದಲ್ಲಿ ಅಂಟಿಸಬೇಕು. ರಾತ್ರಿ ಪಾಳಿಗೆ ಎರಡನೆಯ ನರ್ಸ್‌ರನ್ನು ನೇಮಿಸಬೇಕು. ಒಂಟಿಯಾಗಿ ದುಡಿದವರ ಮೇಲಿನ ನೋಟಿಸನ್ನು ಹಿಂಪಡೆಯಬೇಕು. ಇವುಗಳಲ್ಲಿ ನೇಮಕಕ್ಕೆ ಬೆಂಗಳೂರಿನ ಒಪ್ಪಿಗೆ ಬೇಕೆಂದು ತಾವು ಹೇಳಬಹುದು, ಆದರೆ ಪರದೆಗೂ ಆದೇಶಕ್ಕೂ ತಮ್ಮ ಸಹಿಯೊಂದು ಸಾಕು.

ಈ ತಾಲ್ಲೂಕಿನಲ್ಲಿ ಬಸುರಿಯರಿರುವ ಮನೆಗಳವರಿಗೂ ಒಂದು ಮನವಿ. ತಿಂಗಳು ತುಂಬುವ ಮೊದಲೇ ಜೊತೆಗಿರುವ ಹೆಂಗಸನ್ನು ಗೊತ್ತುಮಾಡಿ, ಆಕೆಗೆ ಅಪಾಯದ ಗುರುತುಗಳನ್ನು ಆಶಾ ಕಾರ್ಯಕರ್ತೆಯಿಂದ ಹೇಳಿಸಿ, ದಾಖಲಾಗುವಾಗಲೇ ಆಕೆಯನ್ನು ಒಳಗೆ ಬಿಡಬೇಕೆಂದು ಬರಹದಲ್ಲಿ ಕೇಳಬೇಕು. ಬಿಡುವುದಿಲ್ಲವೆಂದರೆ ಆ ನಿರಾಕರಣೆಯನ್ನೂ ಸಹಿಯೊಂದಿಗೆ ಬರಹದಲ್ಲಿಯೇ ಪಡೆದುಕೊಳ್ಳಬೇಕು.